ನೊಂದವರಿಗೊಂದು ಬಾಗಿಲು

ಅಪರಾಧವೊಂದು ನಡೆದ ಮರುದಿನ ಸರ್ಕಾರ ಏನೇನು ಮಾಡುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ಆರೋಪಿಯನ್ನು ಹಿಡಿಯುತ್ತಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತಾರೆ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲೇ ಒಬ್ಬ ವಕೀಲರನ್ನು ಕೊಡುತ್ತಾರೆ. ಜೈಲಿನಲ್ಲಿ ಅವನಿಗೆ ಊಟವಿದೆ, ಕಾಯಿಲೆ ಬಿದ್ದರೆ ಔಷಧವಿದೆ. ಇದೆಲ್ಲ ಸರಿಯೇ. ಅಪರಾಧ ಸಾಬೀತಾಗುವವರೆಗೆ ಯಾರನ್ನೂ ಅಪರಾಧಿ ಎನ್ನಲಾಗದು. ಸಂವಿಧಾನ ಕೊಟ್ಟ ಈ ರಕ್ಷಣೆಯಲ್ಲಿ ಒಂದು ಎಳೆಯನ್ನೂ ನಾವು ಸಡಿಲಗೊಳಿಸಬಾರದು.

ಆದರೆ ಅದೇ ದಿನ, ಅದೇ ಊರಿನಲ್ಲಿ, ಇನ್ನೊಂದು ಮನೆ ಇರುತ್ತದೆ. ದುಡಿಯುವ ಕೈ ಹೋದ ಮನೆ. ಅಥವಾ ಏಟು ತಿಂದು ಮಲಗಿದವರಿರುವ ಮನೆ, ಇಲ್ಲವೇ ಹೇಳಲಾಗದ ಅವಮಾನಕ್ಕೆ ಒಳಗಾದ ಹೆಣ್ಣುಮಗಳಿರುವ ಮನೆ. ಆ ಮನೆಯ ಬಾಗಿಲಿಗೆ ಸರ್ಕಾರದ ಪರವಾಗಿ ಯಾರು ಬರುತ್ತಾರೆ? ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ, ಸಮನ್ಸ್ ಕೊಡಲು ಬರುತ್ತಾರೆ. 'ನಿಮಗೇನು ಬೇಕು?' ಎಂದು ಕೇಳಲು ಬರುವವರು ಯಾರು? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದೇ ಈ ಮಾತಿನ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಜಾಗವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ರಾಯಚೂರು ತಾಲ್ಲೂಕಿನ ಕಲ್ಮಲ ಒಂದು ಹೋಬಳಿ ಕೇಂದ್ರ. ನಗರದಿಂದ ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ಹೋಗುವ ದಾರಿಗಳು ಇಲ್ಲಿ ಕವಲೊಡೆಯುತ್ತವೆ. ಸುತ್ತಲಿನ ಹಳ್ಳಿಗಳ ಜನ ಹತ್ತಿ, ಭತ್ತ, ಜೋಳ, ಮೆಣಸಿನಕಾಯಿಯನ್ನು ನಂಬಿ ಬದುಕುವವರು. ಕೂಲಿ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಇಂಥ ಒಂದು ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಇವಳು ಯಾವುದೋ ನಿಜವಾದ ಪ್ರಕರಣದವಳಲ್ಲ. ಲೆಕ್ಕ ಹಾಕಲೆಂದು ನಾವು ಕಲ್ಪಿಸಿಕೊಂಡವಳು. ಹೊಲದ ಬದುವಿನ ಜಗಳದಲ್ಲಿ ಗಂಡನ ಕೊಲೆಯಾಗಿದೆ. ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಈಕೆಗೆ ಸರ್ಕಾರದಿಂದ ಸಿಗಬೇಕಾದ ನೆರವೆಲ್ಲ ಸಿಗಬೇಕಾದರೆ ಎಷ್ಟು ಬಾಗಿಲು ತಟ್ಟಬೇಕು? ನಾವೇ ಎಣಿಸೋಣ.

ಮೊದಲ ಬಾಗಿಲು ಪೊಲೀಸ್ ಠಾಣೆ. ಅಲ್ಲಿ ಎಫ್‌ಐಆರ್ ಪ್ರತಿ ಪಡೆಯಬೇಕು. ಎರಡನೆಯದು ಆಸ್ಪತ್ರೆ, ಮರಣೋತ್ತರ ಪರೀಕ್ಷೆಯ ವರದಿ ಅಲ್ಲಿಂದ ಬರಬೇಕು. ಮೂರನೆಯದು ಗಂಡನ ಮರಣ ಪ್ರಮಾಣಪತ್ರಕ್ಕೆ. ನಾಲ್ಕನೆಯದು ನಾಡಕಚೇರಿ, ವಾರಸುದಾರರು ಯಾರೆಂದು ತೋರಿಸಲು ವಂಶವೃಕ್ಷ ಬೇಕು. ವಿಧವಾ ವೇತನದ ಅರ್ಜಿಗೂ ಇದೇ ದಾರಿ. ಐದನೆಯದು ಬ್ಯಾಂಕು, ಈಕೆಯ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಯಾವ ಹಣವೂ ಬರುವುದಿಲ್ಲ. ಆರನೆಯದು ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಸಂತ್ರಸ್ತರ ಪರಿಹಾರಕ್ಕೆ ಅಲ್ಲಿ ಅರ್ಜಿ ಹಾಕಬೇಕು. ಈಕೆ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವಳಾಗಿದ್ದು, ಪ್ರಕರಣ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾಗಿದ್ದರೆ ಏಳನೆಯ ಬಾಗಿಲು ಸಮಾಜ ಕಲ್ಯಾಣ ಇಲಾಖೆ. ಎಂಟನೆಯದು ನ್ಯಾಯಾಲಯ, ವಾಯಿದೆ ಎಂದು ಬಿತ್ತು, ಮುಂದಿನ ತಾರೀಖು ಯಾವುದು, ಜಾಮೀನು ಸಿಕ್ಕಿತೇ ಇಲ್ಲವೇ ಎಂದು ಅಲ್ಲಿಯೇ ಹೋಗಿ ತಿಳಿಯಬೇಕು.

ಒಂದೊಂದು ಬಾಗಿಲಿಗೂ ಒಂದೇ ಸಲ ಹೋದರೆ ಸಾಲದು ಎಂಬುದು ಕಚೇರಿ ಕಂಡವರಿಗೆಲ್ಲ ಗೊತ್ತು. ಸಾಹೇಬರು ಮೀಟಿಂಗಿನಲ್ಲಿರುತ್ತಾರೆ, ಒಂದು ಕಾಗದ ಕಡಿಮೆ ಇರುತ್ತದೆ. ಹೋದ ದಿನವೆಲ್ಲ ಕೂಲಿ ಹೋದ ದಿನ, ಮೇಲೆ ಬಸ್ಸಿನ ಖರ್ಚು. ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ವಾರದ ಕೂಲಿ ಬಿಟ್ಟರೆ ಆ ಮನೆಯ ಒಲೆಯ ಮೇಲೆ ಅದರ ಪರಿಣಾಮ ಕಾಣುತ್ತದೆ. ಕೊನೆಗೆ ಈಕೆ ಏನು ಮಾಡುತ್ತಾಳೆ? ಎರಡು ಬಾಗಿಲು ತಟ್ಟಿ ಮೂರನೆಯದಕ್ಕೆ ಹೋಗುವುದನ್ನು ಬಿಡುತ್ತಾಳೆ. ಕಾನೂನು ಕೊಟ್ಟದ್ದು ಕಾನೂನಿನ ಪುಸ್ತಕದಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ನೊಂದವರಿಗಾಗಿ ಕಾನೂನೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಕಾನೂನು ಇದೆ, ಯೋಜನೆ ಇದೆ, ಹಣವೂ ಇದೆ. ಇಲ್ಲದಿರುವುದು ಇವನ್ನೆಲ್ಲ ಒಟ್ಟುಗೂಡಿಸಿ ನೊಂದವರ ಕೈಗೆ ತಲುಪಿಸುವ ಒಂದು ಕಚೇರಿ.

ನೊಂದವರನ್ನು ಸಲಹುವುದು ಆಳುವವರ ಹೊಣೆ ಎಂಬ ವಿಚಾರ ನಮಗೆ ಹೊಸದಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದನು. ಕಳ್ಳರು ಕದ್ದೊಯ್ದ ಸೊತ್ತನ್ನು ರಾಜನು ಪ್ರಜೆಗೆ ಮರಳಿಸಬೇಕು, ಅದು ಸಿಗದಿದ್ದರೆ ತನ್ನ ಬೊಕ್ಕಸದಿಂದಲೇ ಕೊಡಬೇಕು ಎಂಬುದು ಆ ಪರಂಪರೆಯ ನಿಯಮ. ತೆರಿಗೆ ಪಡೆಯುವವನು ರಕ್ಷಣೆ ಕೊಡಲಾಗದಿದ್ದರೆ ನಷ್ಟ ತುಂಬಿಕೊಡಬೇಕು ಎಂಬ ನೇರವಾದ ನ್ಯಾಯ ಇದು. ಇನ್ನು ನಮ್ಮ ಶಾಸನಗಳಲ್ಲಿ ಬರುವ 'ನೆತ್ತರುಗೊಡಗೆ' ಎಂಬ ಮಾತನ್ನು ನೋಡಿ. ಊರಿಗಾಗಿ ಹೋರಾಡಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ಆ ಹೆಸರು. ಸತ್ತವನಿಗೆ ವೀರಗಲ್ಲು, ಉಳಿದವರಿಗೆ ಹೊಲ. ಸತ್ತವನನ್ನು ನೆನೆದರೆ ಸಾಲದು, ಉಳಿದವರು ಉಣ್ಣಬೇಕು ಎಂಬ ತಿಳಿವಳಿಕೆ ಆ ಕಾಲದವರಿಗಿತ್ತು.

ಆಧುನಿಕ ಕಾಲದಲ್ಲಿ ಈ ವಿಚಾರ ಮತ್ತೆ ಚಿಗುರಿದ್ದು 1960ರ ದಶಕದಲ್ಲಿ. 1963ರಲ್ಲಿ ನ್ಯೂಜಿಲೆಂಡ್ ದೇಶವು ಅಪರಾಧದಿಂದ ಗಾಯಗೊಂಡವರಿಗೆ ಸರ್ಕಾರದಿಂದಲೇ ಪರಿಹಾರ ಕೊಡುವ ಕಾನೂನು ಮಾಡಿತು. 1964ರಲ್ಲಿ ಬ್ರಿಟನ್ ಇಂಥದೇ ಯೋಜನೆ ತಂದಿತು. 1984ರಲ್ಲಿ ಅಮೆರಿಕವು ಒಂದು ಕಾನೂನು ಮಾಡಿ, ಅಪರಾಧಿಗಳಿಂದ ವಸೂಲಾಗುವ ದಂಡದ ಹಣವನ್ನು ಒಂದು ನಿಧಿಗೆ ಹಾಕಿ, ಆ ನಿಧಿಯಿಂದ ನೊಂದವರಿಗೆ ನೆರವು ಕೊಡುವ ಏರ್ಪಾಡು ಮಾಡಿತು. ಅದನ್ನು ನೋಡಿಕೊಳ್ಳಲು ನ್ಯಾಯ ಇಲಾಖೆಯಲ್ಲಿ ಪ್ರತ್ಯೇಕ ಕಚೇರಿಯೇ ಇದೆ. 1985ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಪರಾಧ ಸಂತ್ರಸ್ತರ ನ್ಯಾಯದ ಬಗ್ಗೆ ಘೋಷಣೆ ಹೊರಡಿಸಿತು. ನೊಂದವರನ್ನು ಗೌರವದಿಂದ ಕಾಣಬೇಕು, ಅವರಿಗೆ ಮಾಹಿತಿ ಕೊಡಬೇಕು, ಪರಿಹಾರ ಮತ್ತು ನೆರವು ಒದಗಿಸಬೇಕು ಎಂಬುದು ಅದರ ಸಾರ.

ನಮ್ಮ ದೇಶದಲ್ಲಿ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆಗೆ ಕಾರಣರಾದವರಲ್ಲಿ ಒಬ್ಬರು ಕನ್ನಡಿಗರು ಎಂಬುದು ನಾವು ನೆನೆಯಬೇಕಾದ ವಿಷಯ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ಕೇಂದ್ರ ಸರ್ಕಾರ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಗೆ ಒಂದು ಸಮಿತಿ ನೇಮಿಸಿತು. 2003ರಲ್ಲಿ ಬಂದ ಅದರ ವರದಿಯಲ್ಲಿ ವಿವಾದಕ್ಕೀಡಾದ ಶಿಫಾರಸುಗಳೂ ಇದ್ದವು. ಆದರೆ ಒಂದು ಮಾತನ್ನು ಅದು ಬಲವಾಗಿ ಹೇಳಿತು. ನೊಂದವನು ತನ್ನದೇ ಪ್ರಕರಣದಲ್ಲಿ ಹೊರಗಿನವನಾಗಿ ನಿಂತಿರಬಾರದು. ಅವನಿಗೆ ಪಾಲ್ಗೊಳ್ಳುವ ಹಕ್ಕು ಬೇಕು. ಪರಿಹಾರಕ್ಕೆ ಕಾನೂನೂ ನಿಧಿಯೂ ಬೇಕು.

ಮುಂದೆ 2008ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಬಂತು. 2009ರ ಡಿಸೆಂಬರ್ 31ರಿಂದ ಜಾರಿಯಾದ 357-ಎ ಕಲಮಿನ ಪ್ರಕಾರ ಪ್ರತಿ ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆ ರೂಪಿಸಬೇಕಾಯಿತು. ಅದರಂತೆ ಕರ್ನಾಟಕದ ಯೋಜನೆ 2011ರ ಹೆಸರಿನಲ್ಲಿ ಬಂತು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದ್ದು, ಅದರ 396ನೆಯ ಕಲಮಿನಲ್ಲಿ ಇದೇ ಏರ್ಪಾಡು ಮುಂದುವರಿದಿದೆ. ಈ ಕಲಮಿನ ಮೂರು ಅಂಶಗಳನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು, ಆರೋಪಿ ಬಿಡುಗಡೆಯಾದರೂ ನೊಂದವರಿಗೆ ಪುನರ್ವಸತಿ ಬೇಕೆಂದು ಕಂಡರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಎರಡು, ಅಪರಾಧ ಮಾಡಿದವರು ಯಾರೆಂದು ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೂರು, ಅರ್ಜಿಯ ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು. ಕಳ್ಳ ಸಿಗದಿದ್ದರೂ ಬೊಕ್ಕಸದಿಂದ ಕೊಡು ಎಂದ ಹಳೆಯ ನಿಯಮಕ್ಕೂ ಇದಕ್ಕೂ ಎಷ್ಟು ಹತ್ತಿರದ ನಂಟಿದೆ, ನೋಡಿ.

ಮಹಿಳೆಯರ ಮೇಲಿನ ಅಪರಾಧಗಳಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ಒಂದು ಮಾದರಿ ಯೋಜನೆ ರೂಪಿಸಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ಆ ವರ್ಷದ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಅದರಲ್ಲಿ ಪ್ರಾಣಹಾನಿಗೆ 5ರಿಂದ 10 ಲಕ್ಷ ರೂಪಾಯಿ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆ್ಯಸಿಡ್ ದಾಳಿಯಿಂದ ಮುಖ ವಿರೂಪಗೊಂಡರೆ 7ರಿಂದ 8 ಲಕ್ಷ ಎಂದು ನಿಗದಿಯಾಗಿದೆ. ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಲ್ಲಿ 2016ರ ತಿದ್ದುಪಡಿಯಂತೆ ಅಪರಾಧದ ಸ್ವರೂಪ ನೋಡಿ 85,000 ರೂಪಾಯಿಯಿಂದ 8,25,000 ರೂಪಾಯಿವರೆಗೆ ಪರಿಹಾರ ಗೊತ್ತುಪಡಿಸಲಾಯಿತು. ಆದರೆ ಆ ಹಣ ಒಂದೇ ಕಂತಿನಲ್ಲಿ ಬರುವುದಿಲ್ಲ. ಅನೇಕ ಅಪರಾಧಗಳಲ್ಲಿ ಎಫ್‌ಐಆರ್ ಹಂತದಲ್ಲಿ ಒಂದು ಪಾಲು, ಚಾರ್ಜ್‌ಶೀಟ್ ಹಂತದಲ್ಲಿ ಒಂದು ಪಾಲು, ಶಿಕ್ಷೆಯಾದ ಮೇಲೆ ಉಳಿದದ್ದು. ಚಾರ್ಜ್‌ಶೀಟ್ ಯಾವಾಗ ಆಯಿತು ಎಂಬುದೇ ತಿಳಿಯದ ಮನೆಗೆ ಎರಡನೆಯ ಕಂತನ್ನು ಕೇಳಬೇಕೆಂದು ಯಾರು ಹೇಳಬೇಕು?

ಹಣವೊಂದೇ ಅಲ್ಲ, ಹಕ್ಕುಗಳೂ ಇವೆ. ಹೊಸ ಸಂಹಿತೆಯ 193ನೆಯ ಕಲಮಿನ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನಗಳೊಳಗೆ ಫಿರ್ಯಾದಿಗೆ ಅಥವಾ ನೊಂದವರಿಗೆ ತಿಳಿಸಬೇಕು. ಸರ್ಕಾರ ಪ್ರಕರಣವನ್ನು ಹಿಂದಕ್ಕೆ ಪಡೆಯಬೇಕೆಂದರೆ ನೊಂದವರ ಮಾತನ್ನು ನ್ಯಾಯಾಲಯ ಕೇಳಲೇಬೇಕು. ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕು. ದೌರ್ಜನ್ಯ ತಡೆ ಕಾಯ್ದೆಯ 15-ಎ ಕಲಮಿನಂತೆ ಜಾಮೀನು ಅರ್ಜಿಯೂ ಸೇರಿದಂತೆ ಪ್ರತಿಯೊಂದು ನಡಾವಳಿಯ ಸೂಚನೆ ನೊಂದವರಿಗೆ ಹೋಗಬೇಕು. ಆರೋಪಿ ಬಿಡುಗಡೆಯಾದಾಗ ನೊಂದವರೇ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಯಾರ ವಿಶೇಷ ಅನುಮತಿಯೂ ಬೇಡ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 12ರಂದು ತೀರ್ಪು ಕೊಟ್ಟಿತು. ಆ ತೀರ್ಪು ಬಂದದ್ದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ.

ಇಷ್ಟೆಲ್ಲ ಇದ್ದೂ ಕೊರತೆ ಎಲ್ಲಿದೆ? 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಇದೇ ಪ್ರಶ್ನೆಯನ್ನು ಎದುರಿಸಿತು. ಕನ್ನಡಿಗರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಆ ಪೀಠದಲ್ಲಿದ್ದರು. ವಿಚಾರಣಾ ನ್ಯಾಯಾಲಯಗಳು ತೀರ್ಪು ಕೊಡುವಾಗ ಪರಿಹಾರದ ಮಾತನ್ನೇ ಎತ್ತದಿದ್ದರೆ ಹಣ ತಲುಪುವುದು ತಡವಾಗುತ್ತದೆ ಎಂಬ ಅಂಶ ಅಲ್ಲಿ ಚರ್ಚೆಗೆ ಬಂತು. ಮಹಿಳೆಯರು, ಮಕ್ಕಳು ದೈಹಿಕವಾಗಿ ಗಾಯಗೊಂಡ ಪ್ರಕರಣಗಳಲ್ಲಿ ತೀರ್ಪಿನ ಜೊತೆಗೇ ಪರಿಹಾರದ ಆದೇಶವನ್ನೂ ಮಾಡಬೇಕೆಂದು ಪೀಠವು ಸೆಷನ್ಸ್ ನ್ಯಾಯಾಲಯಗಳಿಗೆ ನಿರ್ದೇಶನ ಕೊಟ್ಟಿತು. ಕಾನೂನು ಬಂದು ಹದಿನೈದು ವರ್ಷ ತುಂಬುತ್ತಿದ್ದಾಗಲೂ ಅದನ್ನು ನೆನಪಿಸಬೇಕಾಗಿ ಬಂತು ಎಂಬುದನ್ನು ಗಮನಿಸಿ. ನೆನಪಿಸುವುದು ಯಾರ ಕೆಲಸವೂ ಅಲ್ಲದಿದ್ದಾಗ ಹೀಗಾಗುತ್ತದೆ.

ಸರ್ಕಾರಿ ಅಭಿಯೋಜಕರು ಇಲ್ಲವೇ ಎಂದು ನೀವು ಕೇಳಬಹುದು. ಅಭಿಯೋಜಕರು ಸರ್ಕಾರದ ವಕೀಲರು, ನೊಂದವರ ವಕೀಲರಲ್ಲ. ಅವರ ಮುಂದೆ ದಿನಕ್ಕೆ ಹತ್ತಾರು ಕಡತಗಳಿರುತ್ತವೆ. ಪೊಲೀಸರು ಇಲ್ಲವೇ? ಅವರ ಕೆಲಸ ತನಿಖೆ. ಅಲ್ಲದೆ ಕೆಲವೊಮ್ಮೆ ಅಹವಾಲು ಪೊಲೀಸರ ಮೇಲೆಯೇ ಇರಬಹುದು. ಕಾನೂನು ಸೇವಾ ಪ್ರಾಧಿಕಾರ ಇಲ್ಲವೇ? ಇದೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿದೆ. ಆದರೆ ಅರ್ಜಿಯನ್ನು ಪರಿಶೀಲಿಸಿ ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಅದೇ ಪ್ರಾಧಿಕಾರ. ತೂಗಿ ನೋಡಬೇಕಾದವರೇ ಅರ್ಜಿದಾರರ ಕೈಹಿಡಿದು ಮನೆಯಿಂದ ಕರೆತರಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ಅದು ತಕ್ಕಡಿ ಹಿಡಿದವನನ್ನೇ ಮೂಟೆ ಹೊರಲು ಕರೆದಂತೆ. ಇನ್ನು ಮಹಿಳೆಯರಿಗೆ ಸಖಿ ಕೇಂದ್ರಗಳಿವೆ. ಒಂದೇ ಸೂರಿನಡಿ ವೈದ್ಯಕೀಯ ನೆರವು, ಕಾನೂನು ಸಲಹೆ, ತಂಗಲು ಜಾಗ ಕೊಡುವುದು ಅವುಗಳ ಉದ್ದೇಶ. ಅದು ಸರಿಯಾದ ದಾರಿ. ಆದರೆ ಮಗನನ್ನು ಕಳೆದುಕೊಂಡ ಮುದುಕನಿಗೆ, ಹಲ್ಲೆಯಲ್ಲಿ ಕೈ ಕಳೆದುಕೊಂಡ ಯುವಕನಿಗೆ ಆ ಬಾಗಿಲು ಇಲ್ಲ.

ರಾಯಚೂರು ಸೀಮೆಗೆ ಇನ್ನೊಂದು ವಿಶೇಷ ಕಷ್ಟವಿದೆ: ಗುಳೆ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಕೆಲಸ ಹುಡುಕಿಕೊಂಡು ಹೋಗುತ್ತವೆ. ಅಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಮಗಳ ಮೇಲೆ ಅತ್ಯಾಚಾರವಾಯಿತು ಎನ್ನೋಣ. ಭಾಷೆ ಬಾರದು, ಠಾಣೆ ಯಾವುದೆಂದು ತಿಳಿಯದು. ಹೆದರಿ ಊರಿಗೆ ಬರುತ್ತಾರೆ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಹೊಸ ಸಂಹಿತೆಯ 173ನೆಯ ಕಲಮು ಹೇಳುತ್ತದೆ; ಇದಕ್ಕೆ ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ಊರಿನ ಠಾಣೆಯಿಂದ ಕಾಗದ ಹೈದರಾಬಾದಿಗೆ ಹೋಗುತ್ತದೆ. ಆಮೇಲೆ? ಆ ಕಾಗದದ ಹಿಂದೆ ಹೋಗುವವರು ಯಾರು? ಇನ್ನೊಂದು ಬಗೆಯೂ ಇದೆ. ಅಪರಾಧ ಊರಿನಲ್ಲೇ ನಡೆದಿರುತ್ತದೆ, ಆದರೆ ಸಾಕ್ಷಿ ಹೇಳಬೇಕಾದ ದಿನ ಮನೆಗೆ ಬೀಗ ಬಿದ್ದಿರುತ್ತದೆ. ಸಮನ್ಸ್ ತಂದವರು ಹಿಂತಿರುಗುತ್ತಾರೆ. ಪ್ರಕರಣ ಸೋಲುವುದು ಎಷ್ಟೋ ಸಲ ಸುಳ್ಳಿನಿಂದಲ್ಲ, ಸತ್ಯ ಹೇಳುವವರು ಬಸ್ಸಿನಲ್ಲಿ ಬೇರೆ ಊರಿಗೆ ಹೋಗಿರುವುದರಿಂದ.

ನೊಂದವರ ಬೆನ್ನಿಗೆ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಒಂದು ದಾರುಣ ಪಾಠ ಕಲಿತಿದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಡಲಾಯಿತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಮ್ಮ ಹೇಳಿಕೆಯಿಂದ ಹಿಂದೆ ಸರಿದಿದ್ದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಎಲ್ಲರಿಗೂ ಗೊತ್ತು. ಕೊಂದವರು ಯಾರೆಂದು ಕಾನೂನಿನ ದಾಖಲೆಯಲ್ಲಿ ಇಲ್ಲ. ಸಾಕ್ಷಿ ಹೇಳಿ ಅದೇ ಊರಿನಲ್ಲಿ ಬದುಕಬೇಕಾದವನ ಭಯವನ್ನು ನಾವು ಅರ್ಥಮಾಡಿಕೊಳ್ಳದೆ ಅವನನ್ನು ದೂರುವಂತಿಲ್ಲ.

ಇನ್ನೊಂದು ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದು ಈಗ ಕೊಪ್ಪಳ ಜಿಲ್ಲೆಗೆ ಸೇರಿರುವ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟಿನಲ್ಲಿ ಅಲ್ಲಿನ ದಲಿತರ ಮೇಲೆ ಹಲ್ಲೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 101 ಜನರಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಜನರಿಗೆ ಜೀವಾವಧಿ. ದೇಶವೇ ತಿರುಗಿ ನೋಡಿದ ತೀರ್ಪು ಅದು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ದೊರೆಯಿತು. ಜಾಮೀನು ಕೊಡುವುದು ನ್ಯಾಯಾಲಯದ ವಿವೇಚನೆ, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಆದರೆ ನೊಂದವರ ಕಡೆಯಿಂದ ಲೆಕ್ಕ ಹಾಕಿ. ಘಟನೆಯಿಂದ ತೀರ್ಪಿಗೆ ಹತ್ತು ವರ್ಷ. ಈ ಹತ್ತು ವರ್ಷ ಅವರು ಅದೇ ಊರಿನಲ್ಲಿ, ಅದೇ ಓಣಿಗಳಲ್ಲಿ ಬಾಳಬೇಕಿತ್ತು. ತೀರ್ಪಿನ ಮರುದಿನದಿಂದ ಇನ್ನೊಂದು ಕಾಯುವಿಕೆ ಶುರುವಾಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಎಂಥ ಕಚೇರಿ ಬೇಕು? ನನ್ನ ಎಣಿಕೆಯಲ್ಲಿ ಅದು ದೊಡ್ಡ ಕಟ್ಟಡವಲ್ಲ, ದೊಡ್ಡ ಸಿಬ್ಬಂದಿಯೂ ಅಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದು ಸಂತ್ರಸ್ತರ ನೆರವು ಕಚೇರಿ. ಅದು ಠಾಣೆಯ ಆವರಣದಲ್ಲಿ ಇರಬಾರದು, ಪೊಲೀಸರ ಅಧೀನದಲ್ಲೂ ಇರಬಾರದು. ರಾಜ್ಯದ ಕಾನೂನು ಇಲಾಖೆಯ ಕೆಳಗಿದ್ದು, ಜಿಲ್ಲಾಧಿಕಾರಿಗಳ ಸಹಕಾರ ಪಡೆಯುವಂತಿರಬೇಕು. ವಾರಕ್ಕೊಂದು ದಿನ ಅದರ ಒಬ್ಬ ನೌಕರ ಹೋಬಳಿಯಲ್ಲಿ ಕೂಡಬೇಕು. ಕಲ್ಮಲದಂಥ ಊರಿಗೆ ಜನ ಪಹಣಿಗೆ, ಜಾತಿ ಮತ್ತು ಆದಾಯದ ಪತ್ರಕ್ಕೆ ಹೇಗೂ ಬರುತ್ತಾರೆ. ಅಲ್ಲಿಗೆ ಬಂದವಳನ್ನು ಕಂಡು 'ಇವಳು ಯಾವುದಕ್ಕೆ ಬಂದಳು' ಎಂದು ಯಾರೂ ಬೆರಳು ತೋರಿಸುವುದಿಲ್ಲ. ಹಳ್ಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಆ ಕಚೇರಿಯ ಕೆಲಸ ನಾಲ್ಕು ಮಾತಿನಲ್ಲಿ ಹೇಳಬಹುದು: ಕೇಳುವುದು, ಬರೆಯುವುದು, ಜೊತೆಗೆ ಹೋಗುವುದು, ತಿಳಿಸುವುದು. ನೊಂದವರ ಮಾತನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕು; ಎಂಟು ಕಡೆ ಎಂಟು ಸಲ ಅದೇ ನೋವನ್ನು ಹೇಳಿಸಬಾರದು. ಅರ್ಜಿಗಳನ್ನೆಲ್ಲ ಬರೆದು, ಬೇಕಾದ ಕಾಗದಗಳನ್ನು ತಾನೇ ಇಲಾಖೆಗಳಿಂದ ತರಿಸಿಕೊಳ್ಳಬೇಕು. ಸರ್ಕಾರದ ಒಂದು ಕಚೇರಿಯಲ್ಲಿರುವ ಕಾಗದವನ್ನು ಸರ್ಕಾರದ ಇನ್ನೊಂದು ಕಚೇರಿಗೆ ಹೊತ್ತುಕೊಂಡು ಹೋಗಲು ವಿಧವೆಯನ್ನೇ ಜವಾನಳನ್ನಾಗಿ ಮಾಡಬೇಕೇ? ಸಾಕ್ಷಿ ಹೇಳುವ ದಿನ ಜೊತೆಗೆ ಹೋಗಬೇಕು. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಯೋಜನೆ ಇದೆ. ಬೆದರಿಕೆ ಬಂದಾಗ ಅದರಡಿ ಅರ್ಜಿ ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಾರ್ಜ್‌ಶೀಟ್ ಆಯಿತು, ಜಾಮೀನು ಸಿಕ್ಕಿತು, ವಾಯಿದೆ ಇಂಥ ದಿನ, ತೀರ್ಪು ಹೀಗಾಯಿತು, ಮೇಲ್ಮನವಿಗೆ ಇಷ್ಟು ದಿನ ಇದೆ ಎಂದು ಕನ್ನಡದಲ್ಲಿ, ಫೋನಿನಲ್ಲಿ, ಅವರು ಗುಳೆ ಹೋದ ಊರಿಗೂ ತಿಳಿಸಬೇಕು. ಜೈಲಿನಿಂದ ಹೊರಬಂದವನನ್ನು ಸಂತೆಯಲ್ಲಿ ಎದುರಾದಾಗಲೇ ನೊಂದವರಿಗೆ ಸುದ್ದಿ ತಿಳಿಯುವಂತಾಗಬಾರದು.

ಈ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡೋಣ. ಇರುವ ಕಚೇರಿಗಳೇ ಸಾಲದೇ, ಒಂಬತ್ತನೆಯ ಬಾಗಿಲು ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೊಸ ಕಚೇರಿಯೂ ನಾಳೆ ಬಾ ಎಂದರೆ ಅದರಿಂದ ಉಪಯೋಗವಿಲ್ಲ. ಆದ್ದರಿಂದಲೇ ಅದಕ್ಕೆ ಪರಿಹಾರ ಮಂಜೂರು ಮಾಡುವ ಅಧಿಕಾರ ಬೇಡ. ಉಳಿದ ಎಂಟು ಬಾಗಿಲುಗಳನ್ನು ತಟ್ಟುವ ಹೊಣೆ ಮಾತ್ರ ಇರಲಿ. ಎಷ್ಟು ಎಫ್‌ಐಆರ್ ಆದವು, ಎಷ್ಟು ಅರ್ಜಿ ಹೋದವು, ಎಷ್ಟು ದಿನದಲ್ಲಿ ಹಣ ಕೈಸೇರಿತು ಎಂಬ ಲೆಕ್ಕವನ್ನು, ಯಾರ ಹೆಸರೂ ಇಲ್ಲದೆ, ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಲಿ. ಲೆಕ್ಕ ಕೊಡಬೇಕಾದ ಕಚೇರಿ ನಿದ್ರೆ ಮಾಡುವುದು ಕಷ್ಟ.

ಹಣ ಎಲ್ಲಿಂದ ಎಂಬುದು ಎರಡನೆಯ ಪ್ರಶ್ನೆ. ಪರಿಹಾರದ ಹಣಕ್ಕೆ ರಾಜ್ಯದ ನಿಧಿ ಇದೆ. 2015ರಲ್ಲಿ ಕೇಂದ್ರವೂ ಒಂದು ನಿಧಿಯ ನಿಯಮಗಳನ್ನು ರೂಪಿಸಿತು. ಅಪರಾಧಿಗಳಿಂದ ವಸೂಲಾಗುವ ದಂಡದ ಒಂದು ಪಾಲನ್ನು ಕಚೇರಿಯ ಖರ್ಚಿಗೆ ಇಡಬಹುದು. ಕೈದಿಗಳು ದುಡಿದ ಕೂಲಿಯಲ್ಲಿ ಒಂದು ಪಾಲು ನೊಂದವರಿಗೆ ಸಲ್ಲಬೇಕೆಂಬ ವಿಚಾರವನ್ನು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿತ್ತು. ಸುಳ್ಳು ದೂರುಗಳು ಹೆಚ್ಚುವುದಿಲ್ಲವೇ ಎಂಬುದು ಮೂರನೆಯ ಪ್ರಶ್ನೆ. ದೂರು ಸುಳ್ಳೋ ನಿಜವೋ ಎಂದು ತೀರ್ಮಾನಿಸುವುದು ನ್ಯಾಯಾಲಯ. ಈ ಕಚೇರಿ ಆರೋಪಿಯ ತಪ್ಪಿನ ಬಗ್ಗೆ ಒಂದು ಅಕ್ಷರವನ್ನೂ ಬರೆಯಬೇಕಾಗಿಲ್ಲ. ಆರೋಪಿಯ ಹಕ್ಕು ಕಡಿಮೆಯಾಗುವುದೂ ಇಲ್ಲ. ಒಬ್ಬರಿಗೆ ಕುರ್ಚಿ ಕೊಡಲು ಇನ್ನೊಬ್ಬರ ಕುರ್ಚಿ ಎಳೆಯಬೇಕಾಗಿಲ್ಲ.

ಇಂಥ ಕಚೇರಿ ನಾಳೆಯೇ ಬಂದುಬಿಡುತ್ತದೆ ಎಂದು ನಾನು ಹೇಳಲಾರೆ. ಅದು ಬರುವವರೆಗೆ ನೀವು ಮಾಡಬಹುದಾದದ್ದು ಇದೆ. ನಿಮ್ಮ ಓಣಿಯಲ್ಲಿ ಅಪರಾಧದಿಂದ ನೊಂದ ಮನೆಯೊಂದಿದ್ದರೆ, ಎಫ್‌ಐಆರ್ ಪ್ರತಿ ಅವರ ಕೈಯಲ್ಲಿದೆಯೇ ಎಂದು ವಿಚಾರಿಸಿ. ಅದನ್ನು ಉಚಿತವಾಗಿ ಕೊಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹೋಗಿದೆಯೇ ಎಂದು ಕೇಳಿ. ಕಾನೂನು ಸೇವೆಗೆ 15100, ತುರ್ತು ನೆರವಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ದೌರ್ಜನ್ಯ ಪ್ರಕರಣಗಳಿಗೆ 14566, ಮನಸ್ಸಿನ ನೋವಿಗೆ 14416: ಈ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು ಎಂಬುದನ್ನು ನಾಲ್ಕು ಜನರಿಗೆ ಹೇಳಿ. ಓದು ಬರಹ ಬಲ್ಲವರು ಒಂದು ದಿನದ ಮಟ್ಟಿಗೆ ಆ ಮನೆಯವರ ಜೊತೆ ರಾಯಚೂರಿಗೆ ಹೋಗಿ ಬಂದರೂ ದೊಡ್ಡ ಉಪಕಾರವೇ.

ಆದರೆ ಉಪಕಾರ ಉಪಕಾರವೇ. ಅದು ಹಕ್ಕಿನ ಸ್ಥಾನವನ್ನು ತುಂಬಲಾರದು. ಒಳ್ಳೆಯ ನೆರೆಯವರಿದ್ದ ಮನೆಗೆ ಪರಿಹಾರ ಸಿಕ್ಕಿ, ಇಲ್ಲದ ಮನೆಗೆ ಸಿಗದೆ ಹೋಗುವುದು ಸರ್ಕಾರ ನಡೆಯುವ ರೀತಿಯಲ್ಲ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ, ನಿಮ್ಮ ಶಾಸಕರು ಊರಿಗೆ ಬಂದಾಗ, ರಸ್ತೆ ಮತ್ತು ನೀರಿನ ಬೇಡಿಕೆಯ ಜೊತೆಗೆ ಇದನ್ನೂ ಕೇಳಿ: ಅಪರಾಧ ನಡೆದ ಮರುದಿನ ನೊಂದವರ ಮನೆಗೆ ಬಂದು ಅವರ ಅರ್ಜಿಯನ್ನು ತಾನೇ ಬರೆಯುವ ಒಬ್ಬ ನೌಕರ ನಮ್ಮ ಹೋಬಳಿಗೆ ಯಾವಾಗ ಬರುತ್ತಾನೆ? ಅಪರಾಧವನ್ನು ತಡೆಯಲಾಗದ ದಿನ ಸರ್ಕಾರ ತನ್ನ ಪ್ರಜೆಗೆ ಕೊಡಬಹುದಾದ ಕನಿಷ್ಠ ಗೌರವ ಅದು.